ಮನೆಯಲ್ಲಿ ನಡೆಯುವ ದುಡಿಮೆ: ಉತ್ಪಾದಕತೆಯ ಲೆಕ್ಕಕ್ಕೆ ಬಾರದ ಬಾಬ್ತುಗಳು

2020ರ ಮಾರ್ಚ್ ತಿಂಗಳಿನಲ್ಲಿ ದೇಶಾದ್ಯಂತ ಲಾಕ್‌ಡೌನ್ ಜಾರಿಯಾದ ಮೇಲೆ ‘ವರ್ಕ್ ಫ್ರಮ್ ಹೋಮ್’ ಎಂಬ ಮಾತು ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ಹೊರಟು ನಮ್ಮ ತಾಲ್ಲೂಕು ಕೇಂದ್ರಗಳ ಕಿರಾಣಿ ಅಂಗಡಿಗಳವರೆಗೂ ಬಂದಿತು. ಮನೆಯಲ್ಲಿ ಕುಳಿತು ಮಾಡಿದ ಕೆಲಸದಿಂದ ಉತ್ಪಾದಕತೆ ಹೆಚ್ಚುತ್ತದೆಯೋ ಕುಗ್ಗುತ್ತದೆಯೋ ಎಂಬ ಚರ್ಚೆ ಅಂದಿನಿಂದ ನಡೆಯುತ್ತಲೇ ಇದೆ. ದೊಡ್ಡ ಕಂಪನಿಗಳೇ ಈ ವಿಷಯದಲ್ಲಿ ಒಂದು ನಿಲುವಿಗೆ ನಿಂತಿಲ್ಲ. 2025ರ ವೇಳೆಗೆ ತನ್ನ ನೌಕರರಲ್ಲಿ ಶೇ. 25ರಷ್ಟು ಮಂದಿ ಮಾತ್ರ ಕಚೇರಿಗೆ ಬಂದರೆ ಸಾಕಾಗುವುದೆಂದು 2020ರಲ್ಲಿ ಪ್ರಕಟಿಸಿದ್ದ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್, 2023ರಲ್ಲಿ ಎಲ್ಲರನ್ನೂ ಕಚೇರಿಗೆ ಮರಳಿ ಕರೆಯಿತು.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ಭಾಗದ ವರ್ತಕರು ಮತ್ತು ಸಣ್ಣ ಉತ್ಪಾದಕರು ಈ ಚರ್ಚೆಯನ್ನು ದೂರದ ವಿಷಯವೆಂದು ಭಾವಿಸಬೇಕಾಗಿಲ್ಲ. ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಮನೆಯೇ ಕಾರ್ಖಾನೆಯಾಗಿತ್ತು. ರೇಷ್ಮೆ ಹುಳು ಮನೆಯಲ್ಲಿ ಬೆಳೆಯಿತು, ನೂಲು ಮನೆಯ ಹಿಂದಿನ ಚಪ್ಪರದಲ್ಲಿ ಬಿಚ್ಚಲ್ಪಟ್ಟಿತು, ನೆರೆಯ ದೊಡ್ಡಬಳ್ಳಾಪುರದಲ್ಲಿ ಮಗ್ಗ ಮನೆಯ ಪಡಸಾಲೆಯಲ್ಲೇ ಸದ್ದು ಮಾಡಿತು. ಆದ್ದರಿಂದ ಮನೆಯ ದುಡಿಮೆಯ ಲಾಭನಷ್ಟವನ್ನು ಅರಿಯಲು ನಾವು ಅಮೆರಿಕದ ವಿಶ್ವವಿದ್ಯಾಲಯಗಳ ಅಧ್ಯಯನವನ್ನೇ ಕಾಯಬೇಕಿಲ್ಲ. ಆದರೂ ಅವು ಏನು ಹೇಳುತ್ತವೆ ಎಂಬುದನ್ನು ಮೊದಲು ನೋಡಿ, ಅನಂತರ ನಮ್ಮ ಊರಿನ ಲೆಕ್ಕಪುಸ್ತಕಕ್ಕೆ ಬರುವುದು ಅನುಕೂಲ.

ಅಧ್ಯಯನಗಳು ಕೊಡುವ ಅಂಕಿಗಳು

ಮನೆಯ ಕೆಲಸದ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ಉಲ್ಲೇಖಿಸುವುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಸಂಸ್ಥೆಯಲ್ಲಿ ನಡೆಸಿದ ಪ್ರಯೋಗವನ್ನು. ಅಲ್ಲಿನ ಕಾಲ್ ಸೆಂಟರ್ ನೌಕರರಲ್ಲಿ ಒಪ್ಪಿದವರ ಪೈಕಿ ಕೆಲವರನ್ನು ಒಂಬತ್ತು ತಿಂಗಳ ಕಾಲ ಮನೆಯಿಂದ ದುಡಿಸಲಾಯಿತು. ಅವರ ಕಾರ್ಯನಿರ್ವಹಣೆ ಶೇ. 13ರಷ್ಟು ಹೆಚ್ಚಿತು. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ; ಅದರ ವಿಂಗಡಣೆಯನ್ನು ಹೇಳುವವರು ವಿರಳ. ಶೇ. 13ರಲ್ಲಿ ಸುಮಾರು 9ರಷ್ಟು ಭಾಗ ಬಂದದ್ದು ನೌಕರರು ಹೆಚ್ಚು ನಿಮಿಷ ದುಡಿದದ್ದರಿಂದ, ಅಂದರೆ ಬಿಡುವು ಮತ್ತು ರಜೆ ಕಡಿಮೆಯಾದದ್ದರಿಂದ. ನಿಮಿಷವೊಂದಕ್ಕೆ ಮಾಡಿದ ಕೆಲಸದಲ್ಲಿ ಆದ ಹೆಚ್ಚಳ ಸುಮಾರು ಶೇ. 4 ಮಾತ್ರ. ಪ್ರಯೋಗ ಮುಗಿದ ಮೇಲೆ ಆಯ್ಕೆಯನ್ನು ನೌಕರರಿಗೇ ಬಿಟ್ಟಾಗ, ಮನೆಯಿಂದ ದುಡಿದಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಒಂಟಿತನದ ಕಾರಣ ಕೊಟ್ಟು ಕಚೇರಿಗೆ ಹಿಂದಿರುಗಿದರು.

ನಮ್ಮ ದೇಶದ ಸ್ಥಿತಿಗೆ ಹತ್ತಿರವಾದ ಅಧ್ಯಯನವೊಂದು ಚೆನ್ನೈನಲ್ಲಿ ನಡೆಯಿತು. ಡೇವಿಡ್ ಅಟ್ಕಿನ್, ಆಂಟೊನೆಟ್ ಶೋರ್ ಮತ್ತು ಸುಮಿತ್ ಶಿಂದೆ ಎಂಬ ಅರ್ಥಶಾಸ್ತ್ರಜ್ಞರು ಡೇಟಾ ಎಂಟ್ರಿ ಕೆಲಸಗಾರರನ್ನು ನೇಮಿಸಿಕೊಂಡು, ಯಾರು ಮನೆಯಲ್ಲಿ ಯಾರು ಕಚೇರಿಯಲ್ಲಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮನೆಯವರ ಉತ್ಪಾದಕತೆ ಕಚೇರಿಯವರಿಗಿಂತ ಶೇ. 18ರಷ್ಟು ಕಡಿಮೆ. ಈ ಕೊರತೆಯ ಮೂರನೆಯ ಎರಡು ಭಾಗ ಮೊದಲ ದಿನವೇ ಕಾಣಿಸಿಕೊಂಡಿತು. ಉಳಿದದ್ದು ಕಚೇರಿಯಲ್ಲಿದ್ದವರು ಕೆಲಸವನ್ನು ಬೇಗ ಕಲಿತುಕೊಂಡದ್ದರಿಂದ ಆದದ್ದು. ಮತ್ತೊಂದು ಅಂಶ ನಮ್ಮ ಸದಸ್ಯರ ಗಮನಕ್ಕೆ ಬರಬೇಕು. ಮನೆಯ ಕೆಲಸವನ್ನು ಬಯಸಿದವರೇ, ಬಯಸದವರಿಗಿಂತ ಮನೆಯಲ್ಲಿ ಹೆಚ್ಚು ಹಿಂದೆ ಬಿದ್ದರು. ಮನೆಯನ್ನು ಬಿಟ್ಟು ಬರಲಾಗದ ಹೊಣೆಗಾರಿಕೆ ಇರುವವರೇ ಮನೆಯ ಕೆಲಸವನ್ನು ಕೇಳುತ್ತಾರೆ, ಅದೇ ಹೊಣೆಗಾರಿಕೆ ಕೆಲಸದ ನಡುವೆಯೂ ಅವರನ್ನು ಎಬ್ಬಿಸುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದ ಕುಟುಂಬಗಳಲ್ಲಿ ಸುಮಾರು ಶೇ. 37ರಷ್ಟು ಒಂದೇ ಕೋಣೆಯ ಮನೆಯಲ್ಲಿ ವಾಸವಾಗಿದ್ದವು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ಏಷ್ಯಾದ ದೊಡ್ಡ ಮಾಹಿತಿ ತಂತ್ರಜ್ಞಾನ ಸಂಸ್ಥೆಯೊಂದರ 10,000ಕ್ಕೂ ಹೆಚ್ಚು ನೌಕರರನ್ನು ಕುರಿತದ್ದು. 2020ರಲ್ಲಿ ಮನೆಗೆ ಹೋದ ಮೇಲೆ ಅವರು ದುಡಿದ ಗಂಟೆಗಳು ಹೆಚ್ಚಿದವು, ಆದ ಕೆಲಸ ತುಸು ಕಡಿಮೆಯಾಯಿತು. ಗಂಟೆಯ ಲೆಕ್ಕದಲ್ಲಿ ಉತ್ಪಾದಕತೆ ಶೇ. 8ರಿಂದ 19ರಷ್ಟು ಕುಸಿಯಿತು. ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದೆ ತಿಂಗಳ ಕೊನೆಯ ಕೆಲಸವನ್ನಷ್ಟೇ ನೋಡುವ ವ್ಯವಸ್ಥಾಪಕರಿಗೆ ಹೆಚ್ಚೇನೂ ನಷ್ಟವಾದಂತೆ ಕಾಣುತ್ತಿರಲಿಲ್ಲ. ಹೆಚ್ಚುವರಿ ಗಂಟೆಗಳ ವೆಚ್ಚವನ್ನು ಭರಿಸಿದವರು ನೌಕರರು.

ಉತ್ಪಾದಕತೆ ಎಂದರೆ ಬಂದದ್ದನ್ನು ಹಾಕಿದ್ದರಿಂದ ಭಾಗಿಸುವುದು. ಹಾಕಿದ್ದರಲ್ಲಿ ಒಂದು ಪಾಲನ್ನು ಬರೆಯದೆ ಬಿಟ್ಟರೆ ಭಾಗಲಬ್ಧ ತಾನಾಗಿಯೇ ದೊಡ್ಡದಾಗುತ್ತದೆ. ಮನೆಯ ದುಡಿಮೆಯ ಬಗೆಗಿನ ಪ್ರಶಂಸೆಯಲ್ಲಿ ಬಹುಪಾಲು ಹೀಗೆ ಹುಟ್ಟಿದ್ದು ಎಂಬುದು ಈ ಲೇಖಕನ ಅಭಿಪ್ರಾಯ. ಇದನ್ನು ಪರೀಕ್ಷಿಸಲು ಶಿಡ್ಲಘಟ್ಟಕ್ಕಿಂತ ಉತ್ತಮ ಸ್ಥಳ ನಮಗೆ ದೊರೆಯದು.

ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ

ರಾಮನಗರದೊಂದಿಗೆ ರಾಜ್ಯದ ಪ್ರಮುಖ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದಾದ ಶಿಡ್ಲಘಟ್ಟದಲ್ಲಿ ಗೂಡಿನ ವ್ಯಾಪಾರ 1959ರ ಕರ್ನಾಟಕ ರೇಷ್ಮೆ ಕಾಯಿದೆಯ ಚೌಕಟ್ಟಿನಲ್ಲಿ, ಸರ್ಕಾರಿ ಮಾರುಕಟ್ಟೆಯ ಹರಾಜಿನಲ್ಲಿ ನಡೆಯುತ್ತದೆ. ಪರವಾನಗಿ ಪಡೆದ ರೀಲರ್‌ಗಳು ಕೊಂಡ ಗೂಡು ಅಲ್ಲಿಂದ ಹೋಗುವುದು ಹೆಚ್ಚಿನಂಶ ಅವರ ಮನೆಗೇ, ಅಥವಾ ಮನೆಗೆ ತಾಗಿದ ಶೆಡ್ಡಿಗೆ. ಗೂಡು ಕಾಯುವ ಸರಕಲ್ಲ. ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬಂದರೆ ನೂಲಿನ ಎಳೆ ತುಂಡಾಗುತ್ತದೆ. ಹೀಗಾಗಿ ಕೊಂಡ ಗೂಡನ್ನು ಕೆಲವೇ ದಿನಗಳಲ್ಲಿ ಬಿಚ್ಚಬೇಕು, ಇಲ್ಲವೇ ಬಿಸಿಗಾಳಿ ಅಥವಾ ಆವಿಯಿಂದ ಕೋಶವನ್ನು ಕೊಂದು ಒಣಗಿಸಿಡಬೇಕು. ಗೂಡು ಮನೆಯಲ್ಲಿದ್ದಷ್ಟು ಕಾಲ ಮನೆಮಂದಿಗೆ ವೇಳೆ ಎಂಬುದಿಲ್ಲ. ನಸುಕಿನಲ್ಲಿ ಒಲೆ ಹೊತ್ತುತ್ತದೆ, ಊಟದ ಹೊತ್ತು ನೂಲಿನ ಹದವನ್ನು ನೋಡಿಕೊಂಡು ನಿರ್ಧಾರವಾಗುತ್ತದೆ.

ಚರಕದಲ್ಲಿ ಗೂಡು ಬೇಯಿಸುವುದೂ ಎಳೆ ತೆಗೆಯುವುದೂ ಒಂದೇ ಬಾಣಲೆಯಲ್ಲಿ. ಹೂಡಿಕೆ ಅಲ್ಪ, ಜಾಗವೂ ಅಲ್ಪ. ಆದರೆ ದಾರದ ದಪ್ಪ, ಅಂದರೆ ಡೆನಿಯರ್, ಏಕಪ್ರಕಾರವಾಗಿ ಬರುವುದು ಕಷ್ಟ. ಕಾಟೇಜ್ ಬೇಸಿನ್‌ನಲ್ಲಿ ಗೂಡನ್ನು ಬೇರೆಯಾಗಿ ಬೇಯಿಸಿ, ಸಣ್ಣ ರೀಲುಗಳಿಗೆ ಸುತ್ತಿ, ಅನಂತರ ಮರುಸುತ್ತು ಮಾಡುತ್ತಾರೆ, ಗುಣಮಟ್ಟ ಮೇಲು. ಮಲ್ಟಿ ಎಂಡ್ ಮತ್ತು ಸ್ವಯಂಚಾಲಿತ ಯಂತ್ರಗಳು ಇನ್ನೂ ಮೇಲಿನ ಮೆಟ್ಟಿಲು. ಸ್ವಯಂಚಾಲಿತ ಯಂತ್ರದಲ್ಲಿ ಡೆನಿಯರ್ ಅನ್ನು ಯಂತ್ರವೇ ಕಾಯುತ್ತದೆ, ಆದರೆ ಬಾಯ್ಲರ್, ಕಟ್ಟಡ, ನಿರಂತರ ವಿದ್ಯುತ್ ಎಲ್ಲವೂ ಬೇಕಾಗುವುದರಿಂದ ಅದು ಮನೆಯೊಳಗೆ ಹಿಡಿಸುವುದಿಲ್ಲ. ಮನೆಯಿಂದ ಹೊರಗೆ ಹೋದಂತೆಲ್ಲ ನೂಲಿನ ದರ್ಜೆ ಏರುತ್ತದೆ, ಜೊತೆಗೆ ಸಾಲವೂ ಏರುತ್ತದೆ. ಸಣ್ಣ ರೀಲರ್ ಮನೆಯನ್ನು ಬಿಡಲು ಹಿಂಜರಿಯುವುದು ಅಜ್ಞಾನದಿಂದಲ್ಲ.

ಈ ಉದ್ಯಮದಲ್ಲಿ ಉತ್ಪಾದಕತೆಯನ್ನು ಅಳೆಯುವ ಮಾನದಂಡಕ್ಕೆ ರೆಂಡಿಟ್ಟಾ ಎಂದು ಹೆಸರು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಸಂಖ್ಯೆ ಅದು, ಕಡಿಮೆಯಾದಷ್ಟೂ ಒಳ್ಳೆಯದು. ರೀಲರ್ ಒಬ್ಬರ ಒಂದು ಲಾಟಿನ ಲೆಕ್ಕವನ್ನು ಇಲ್ಲಿ ಬರೆದು ತೋರಿಸುತ್ತೇನೆ. ದರಗಳು ಲೆಕ್ಕದ ಅನುಕೂಲಕ್ಕೆ ಊಹಿಸಿಕೊಂಡವು, ಓದುಗರು ತಮ್ಮ ದಿನದ ದರವನ್ನು ಹಾಕಿಕೊಳ್ಳಬಹುದು.

ಕಿಲೋಗೆ ರೂ. 500ರಂತೆ 50 ಕಿಲೋ ಗೂಡಿಗೆ ರೂ. 25,000. ಹೊರಗಿನ ಕೂಲಿ ರೂ. 2,400, ಸೌದೆ ಮತ್ತು ವಿದ್ಯುತ್ ರೂ. 700, ಸಾಗಾಟ ರೂ. 300. ಒಟ್ಟು ಖರ್ಚು ರೂ. 28,400. ರೆಂಡಿಟ್ಟಾ 7.5 ಎಂದಾದರೆ ದೊರೆತ ನೂಲು 6.67 ಕಿಲೋ, ಕಿಲೋಗೆ ರೂ. 4,500ರಂತೆ ಸುಮಾರು ರೂ. 30,000. ಕೋಶ ಮತ್ತು ತ್ಯಾಜ್ಯ ನೂಲಿನಿಂದ ರೂ. 900. ಕೈಗೆ ಉಳಿದದ್ದು ರೂ. 2,500. ಇದನ್ನು ಮನೆಯ ಯಜಮಾನರು ‘ಲಾಭ’ ಎನ್ನುತ್ತಾರೆ.

ಇದೇ ಲಾಟಿನಲ್ಲಿ ಪತ್ನಿ, ಮಗ, ತಮ್ಮ ಸೇರಿ ನಾಲ್ಕು ಆಳಿನ ದಿನಗಳಷ್ಟು ದುಡಿದಿದ್ದಾರೆ. ಹೊರಗೆ ಹೋಗಿದ್ದರೆ ದಿನಕ್ಕೆ ರೂ. 450 ಎಂದು ಹಿಡಿದರೂ ರೂ. 1,800 ಆಯಿತು. ಶೆಡ್ಡಿನ ಬಾಡಿಗೆಯ ಪಾಲು ರೂ. 200, ಹತ್ತು ದಿನದ ಬಂಡವಾಳದ ಬಡ್ಡಿ ವರ್ಷಕ್ಕೆ ಶೇ. 12ರಂತೆ ಸುಮಾರು ರೂ. 80. ಇವನ್ನು ಕಳೆದರೆ ಉಳಿಯುವುದು ರೂ. 420. ಉಳಿದ ರೂ. 2,080 ಲಾಭವಲ್ಲ, ಮನೆಯವರು ಪಡೆಯದೆ ಬಿಟ್ಟ ಕೂಲಿ, ಬಾಡಿಗೆ ಮತ್ತು ಬಡ್ಡಿ.

ಈಗ ರೆಂಡಿಟ್ಟಾವನ್ನು 7.5ರಿಂದ 7ಕ್ಕೆ ಇಳಿಸಿ ನೋಡಿ. ನೂಲು 7.14 ಕಿಲೋ ಆಗುತ್ತದೆ, ಹೆಚ್ಚುವರಿ ಆದಾಯ ಸುಮಾರು ರೂ. 2,140. ಅರ್ಧ ಅಂಶದ ಸುಧಾರಣೆ ನಾಲ್ಕು ಆಳಿನ ಕೂಲಿಗಿಂತ ಹೆಚ್ಚು! ಕಚ್ಚಾವಸ್ತುವೇ ಖರ್ಚಿನ ಹತ್ತರಲ್ಲಿ ಒಂಬತ್ತು ಪಾಲಾಗಿರುವ ಉದ್ಯಮದಲ್ಲಿ ಕೂಲಿ ಉಳಿಸುವುದಕ್ಕಿಂತ ಗಮನ ಉಳಿಸುವುದು ಮುಖ್ಯ. ಬಾಣಲೆಯ ನೀರಿನ ಬಿಸಿ ಏರುಪೇರಾದರೆ, ತುಂಡಾದ ಎಳೆಯನ್ನು ಸಕಾಲದಲ್ಲಿ ಸೇರಿಸದಿದ್ದರೆ, ಗೂಡನ್ನು ವಿಂಗಡಿಸದೆ ಬೇಯಿಸಿದರೆ ಎಳೆ ತ್ಯಾಜ್ಯಕ್ಕೆ ಹೋಗುತ್ತದೆ. ಬಾಣಲೆಯ ಮುಂದೆ ಕುಳಿತ ಹೆಣ್ಣುಮಗಳು ಮಗುವಿನ ಅಳು ಕೇಳಿ ಎರಡು ಬಾರಿ ಎದ್ದು ಹೋದರೆ ಆಕೆಯ ಕೂಲಿ ‘ಉಚಿತ’ ಎಂಬ ಉಳಿತಾಯ ರೆಂಡಿಟ್ಟಾದಲ್ಲಿ ಕರಗಿಹೋಗಿರುತ್ತದೆ. ಆದರೆ ಈ ನಷ್ಟಕ್ಕೆ ಪುಸ್ತಕದಲ್ಲಿ ಬೇರೆ ಖಾತೆಯಿಲ್ಲ.

ಪುಸ್ತಕವೇ ಇಲ್ಲದ ಮನೆಗಳೂ ಬಹಳ. ಗೂಡಿಗೂ ಹುರಿ ಮಾಡದ ಕಚ್ಚಾ ರೇಷ್ಮೆಗೂ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ ಕೇವಲ ಇವುಗಳ ವ್ಯವಹಾರ ಮಾಡುವವರು ನೋಂದಣಿ ಮಾಡಿಸಬೇಕಾಗಿಲ್ಲ, ರಿಟರ್ನ್ ಸಲ್ಲಿಸಬೇಕಾಗಿಲ್ಲ. ತೆರಿಗೆಯ ದೃಷ್ಟಿಯಿಂದ ಅನುಕೂಲವೇ. ಆದರೆ ಬ್ಯಾಂಕಿಗೆ ಕಾಟೇಜ್ ಬೇಸಿನ್‌ನಿಂದ ಮಲ್ಟಿ ಎಂಡ್‌ಗೆ ಏರಲು ಸಾಲ ಕೇಳಿ ಹೋದ ದಿನ ತೋರಿಸಲು ಕಾಗದವಿರುವುದಿಲ್ಲ. ಲಾಟಿಗೊಂದು ಪುಟದಂತೆ ಗೂಡಿನ ತೂಕ, ನೂಲಿನ ತೂಕ, ಕೂಲಿ, ಮನೆಯವರ ಆಳಿನ ದಿನ ಇಷ್ಟನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರು ಒಂದು ವರ್ಷದಲ್ಲಿ ತಮ್ಮ ಕಸುಬನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದ್ದನ್ನು ನಾನು ಕಂಡಿದ್ದೇನೆ.

ಬರೆಯದ ಖರ್ಚುಗಳಲ್ಲಿ ಅತ್ಯಂತ ಭಾರವಾದದ್ದೊಂದನ್ನು ಹೇಳದೆ ಮುಂದೆ ಹೋಗಲಾಗದು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದಲ್ಲಿನ ಬಾಲಕಾರ್ಮಿಕರನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ಹೆಸರೂ ಇತ್ತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ದುಡಿಸುವಂತಿಲ್ಲ. ಶಾಲೆಯ ವೇಳೆಯ ನಂತರ ಅಪಾಯಕಾರಿಯಲ್ಲದ ಕುಟುಂಬದ ಉದ್ಯಮದಲ್ಲಿ ನೆರವಾಗುವುದಕ್ಕೆ ಅವಕಾಶವಿದೆ. ಕುದಿಯುವ ನೀರಿನ ಬಾಣಲೆಯ ಮುಂದೆ ಮಗುವನ್ನು ಕೂರಿಸಿ ಅದನ್ನು ‘ನೆರವು’ ಎಂದು ಕರೆಯುವವರಿಗೆ ಈ ಲೇಖಕನ ಸಹಮತವಿಲ್ಲ.

ಹುಳು ಮನೆಯ ಪಾಠ

ನೂಲಿನ ಹಿಂದಿನ ಹಂತವಾದ ಹುಳು ಸಾಕಾಣಿಕೆಯಲ್ಲಿ ಇದೇ ಪ್ರಶ್ನೆಗೆ ನಮ್ಮ ರೈತರು ಆಗಲೇ ಉತ್ತರ ಕಂಡುಕೊಂಡಿದ್ದಾರೆ. ಹಿಂದೆ ವಾಸದ ಮನೆಯಲ್ಲೇ ತಟ್ಟೆಗಳನ್ನು ಅಟ್ಟಣಿಗೆಯ ಮೇಲೆ ಜೋಡಿಸಿ ಹುಳು ಸಾಕುತ್ತಿದ್ದರು. ಅಡುಗೆಯ ಹೊಗೆ, ಜನರ ಓಡಾಟ, ಸೋಂಕು ನಿವಾರಣೆಗೆ ಮನೆ ಖಾಲಿ ಮಾಡಲಾಗದ ಕಷ್ಟ ಇವೆಲ್ಲ ಬೆಳೆಯನ್ನು ಕೆಡಿಸುತ್ತಿದ್ದವು. ದ್ವಿತಳಿ ಹುಳುಗಳು ಬಂದ ಮೇಲೆ ಉಷ್ಣತೆ ಮತ್ತು ತೇವಾಂಶದ ನಿಯಂತ್ರಣ ಅನಿವಾರ್ಯವಾಯಿತು. ಸರ್ಕಾರದ ಸಹಾಯಧನವೂ ದೊರೆತು, ಪ್ರತ್ಯೇಕ ಹುಳು ಸಾಕಾಣಿಕೆ ಮನೆಗಳು ತೋಟದ ಅಂಚಿನಲ್ಲಿ ಎದ್ದವು. ಅತ್ಯಂತ ನಾಜೂಕಾದ ಎಳೆಯ ಹುಳುಗಳ ಹಂತವನ್ನು ರೈತರು ಚಾಕಿ ಕೇಂದ್ರಗಳಿಗೆ ಬಿಟ್ಟುಕೊಟ್ಟರು. ಎರಡನೆಯ ಜ್ವರ ಕಳೆದ ಹುಳುವನ್ನು ತಂದು ರೆಂಬೆ ಸಹಿತ ಸೊಪ್ಪು ಹಾಕಿ ಸಾಕಿದರು. ರೆಂಬೆ ಪದ್ಧತಿಯಿಂದ ಸೊಪ್ಪು ಬಿಡಿಸುವ ಆಳು ಉಳಿಯಿತು.

ಇಲ್ಲಿ ಕೆಲಸ ಮನೆಯನ್ನು ಪೂರ್ಣವಾಗಿ ಬಿಟ್ಟುಹೋಗಲಿಲ್ಲ, ಕಾರ್ಖಾನೆಗೂ ಸೇರಲಿಲ್ಲ. ಪರಿಣತಿ ಬೇಕಾದ ಭಾಗ ಒಂದೆಡೆ ಕೂಡಿತು, ನಿತ್ಯದ ಆರೈಕೆ ಬೇಕಾದ ಭಾಗ ಮನೆಯ ಪಕ್ಕದಲ್ಲಿ ಉಳಿಯಿತು. ಮನೆಯೋ ಕಚೇರಿಯೋ ಎಂದು ತಕ್ಕಡಿ ಹಿಡಿದು ಕುಳಿತವರು ಈ ವಿಭಜನೆಯನ್ನು ಗಮನಿಸಬೇಕು. 2024ರಲ್ಲಿ ಪ್ರಕಟವಾದ ಬ್ಲೂಮ್ ಅವರ ಮತ್ತೊಂದು ಅಧ್ಯಯನವೂ ಸರಿಸುಮಾರು ಇದೇ ದಾರಿಯಲ್ಲಿದೆ: ಅದೇ ಚೀನೀ ಸಂಸ್ಥೆಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆಯಿಂದ ದುಡಿದವರ ಕಾರ್ಯನಿರ್ವಹಣೆ ಕುಗ್ಗಲಿಲ್ಲ, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೆಯ ಒಂದರಷ್ಟು ಇಳಿಯಿತು.

ಅಗರಬತ್ತಿ, ಗಾರ್ಮೆಂಟ್ಸ್, ಲೆಕ್ಕಪತ್ರ

ಅಗರಬತ್ತಿ ಹೊಸೆಯುವುದು ಕರ್ನಾಟಕದಲ್ಲಿ ಬಹುಕಾಲದಿಂದ ಹೆಂಗಸರು ಮನೆಯಲ್ಲಿ ಮಾಡಿಕೊಂಡು ಬಂದ, ಸಾವಿರಕ್ಕೆ ಇಷ್ಟು ಎಂದು ಕೂಲಿ ಎಣಿಸುವ ಕೆಲಸ. ಕಡ್ಡಿಯನ್ನು ನೋಡಿದರೆ ದೋಷ ಕಣ್ಣಿಗೆ ಕಾಣುತ್ತದೆ, ಸರಕಿನ ಬೆಲೆ ಅಲ್ಪ, ನಡುವೆ ಎದ್ದು ಹೋದರೂ ಏನೂ ಕೆಡುವುದಿಲ್ಲ. ಮನೆಗೆ ಒಪ್ಪುವ ಲಕ್ಷಣಗಳೆಲ್ಲ ಇದಕ್ಕಿವೆ. ಆದರೂ ಯಂತ್ರದಲ್ಲಿ ತಯಾರಾದ ಕಡ್ಡಿ ಮತ್ತು ವಿದೇಶದ ಕಚ್ಚಾ ಬತ್ತಿಯ ಮುಂದೆ ಈ ಕೈಕೆಲಸ ಸೋತಿತು. 2019ರ ಆಗಸ್ಟ್ ಅಂತ್ಯದಲ್ಲಿ ಕೇಂದ್ರ ಸರ್ಕಾರ ಅಗರಬತ್ತಿಯ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಬೇಕಾಯಿತು. ಮನೆಯ ಅಗ್ಗದ ಕೂಲಿಯನ್ನು ನಂಬಿ ಯಂತ್ರಕ್ಕೆ ಹಣ ಹಾಕುವುದನ್ನು ಮುಂದೂಡಿದ ಉದ್ಯಮ ಒಂದು ದಿನ ಎರಡನ್ನೂ ಕಳೆದುಕೊಳ್ಳಬಹುದು.

ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸುವುದು, ಗುಂಡಿ ಹಾಕುವುದು, ಕಸೂತಿ ಇವನ್ನು ಮನೆಗೆ ಕೊಡಬಹುದು. ಹೊಲಿಗೆಯ ಸಾಲನ್ನು ಕೊಡಲಾಗದು, ಒಬ್ಬರು ನಿಂತರೆ ಮುಂದಿನವರೆಲ್ಲ ನಿಲ್ಲುತ್ತಾರೆ.

ನಮ್ಮದೇ ವೃತ್ತಿಯ ಮಾತು. 2020ರಲ್ಲಿ ಅನೇಕ ಅಂಗಡಿಗಳ ಲೆಕ್ಕಿಗರು ಮನೆಯಿಂದಲೇ ಟ್ಯಾಲಿ ನಮೂದು ಮಾಡಿ ಜಿ.ಎಸ್.ಟಿ. ರಿಟರ್ನ್ ಸಲ್ಲಿಸಿದರು, ಕೆಲಸ ನಿಲ್ಲಲಿಲ್ಲ. ನಮೂದು, ಬ್ಯಾಂಕ್ ಹೊಂದಾಣಿಕೆ, ರಿಟರ್ನ್ ಇವು ಮನೆಯಲ್ಲಿ ಚೆನ್ನಾಗಿಯೇ ನಡೆಯುತ್ತವೆ. ನಗದು ಎಣಿಕೆ, ದಾಸ್ತಾನು ತಪಾಸಣೆ, ಸಾಲಗಾರರ ಬೆನ್ನು ಹತ್ತುವುದು ಇವಕ್ಕೆ ಅಂಗಡಿಯಲ್ಲಿ ಕಾಲಿಡಲೇಬೇಕು. ಹೊಸದಾಗಿ ಸೇರಿದ ಹುಡುಗ ಹಳೆಯ ಗುಮಾಸ್ತರ ಪಕ್ಕದಲ್ಲಿ ಕುಳಿತು ಕಲಿಯುವುದು ಫೋನಿನಲ್ಲಿ ಆಗುವುದಿಲ್ಲ. ಚೆನ್ನೈನ ಅಧ್ಯಯನ ಹೇಳಿದ್ದೂ ಇದನ್ನೇ. ಖಾಸಗಿ ಲಿಮಿಟೆಡ್ ಕಂಪನಿಯಾಗಿರುವ ಸದಸ್ಯರು ಒಂದು ನಿಯಮವನ್ನು ನೆನಪಿಡಬೇಕು: 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕು, ಅದನ್ನು ಆರಿಸುವಂತಿಲ್ಲ. ಲೆಕ್ಕಿಗರು ಮನೆಯಿಂದ ರಾತ್ರಿ ಹತ್ತಕ್ಕೆ ತಿದ್ದಿದ್ದೂ ಅಲ್ಲಿ ಇರುತ್ತದೆ.

ಮನೆಗೆ ಕೆಲಸ ಕೊಟ್ಟವರ ಹೊಣೆ

‘ಮನೆಯಲ್ಲಿ ಮಾಡುವವರು ನಮ್ಮ ನೌಕರರಲ್ಲ, ಅವರಿಗೆ ಯಾವ ಸೌಲಭ್ಯವೂ ಬೇಕಿಲ್ಲ’ ಎಂಬ ನಂಬಿಕೆ ನಮ್ಮ ವರ್ತಕರಲ್ಲಿ ವ್ಯಾಪಕವಾಗಿದೆ. ಇದು ಅಪಾಯಕಾರಿ. ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1985ರಲ್ಲಿಯೇ, ಮನೆಯಲ್ಲಿ ಬೀಡಿ ಸುತ್ತುವವರು ಭವಿಷ್ಯ ನಿಧಿ ಕಾಯಿದೆಯ ಮಟ್ಟಿಗೆ ತಯಾರಕರ ನೌಕರರೇ ಎಂದು ಹೇಳಿತು. ಅದರ ತರ್ಕ ಸರಳ: ಕಳಪೆ ಬೀಡಿಯನ್ನು ತಿರಸ್ಕರಿಸುವ ಹಕ್ಕು ತಯಾರಕರಿಗಿದೆ, ಆ ಹಕ್ಕೇ ಮೇಲ್ವಿಚಾರಣೆ. ಸರಕನ್ನು ಆರಿಸಿ ವಾಪಸು ಕೊಡುವ ಯಾವ ಮಾಲೀಕರಿಗೂ ಈ ತರ್ಕ ತಟ್ಟಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯು ಮನೆಯಾಧಾರಿತ ಕೆಲಸಗಾರರಿಗೆ ಪ್ರತ್ಯೇಕ ವ್ಯಾಖ್ಯೆಯನ್ನೇ ಕೊಟ್ಟಿದೆ. ಸಲಕರಣೆ ಮತ್ತು ಸಾಮಗ್ರಿ ಯಾರದು ಎಂಬುದು ಅಲ್ಲಿ ಗಣನೆಗೆ ಬರುವುದಿಲ್ಲ. ತುಂಡು ಕೂಲಿಯ ದರವನ್ನು ಗೊತ್ತುಮಾಡುವಾಗ, ಸಾಧಾರಣ ವೇಗದ ಕೆಲಸಗಾರರು ಒಂದು ದಿನದಲ್ಲಿ ಎಷ್ಟು ಮಾಡಬಲ್ಲರು ಎಂಬುದನ್ನು ಎದುರಿಗೇ ಅಳೆದು, ಅದು ಕನಿಷ್ಠ ವೇತನಕ್ಕೆ ಸರಿಹೊಂದುತ್ತದೆಯೇ ಎಂದು ನೋಡಿ ಬರೆದಿಡುವುದು ಮಾಲೀಕರಿಗೇ ರಕ್ಷಣೆ.

ಇನ್ನು ಸರಕಿನ ಮಾತು. ನೋಂದಾಯಿತ ವರ್ತಕರು ಕೂಲಿ ಕೆಲಸಕ್ಕಾಗಿ ಮನೆಗಳಿಗೆ ಕಳುಹಿಸಿದ ಕಚ್ಚಾವಸ್ತು ಚಲನ್ ಮೇಲೆ ಹೋಗಬೇಕು, ಒಂದು ವರ್ಷದೊಳಗೆ ಹಿಂದಿರುಗಬೇಕು. ಇಲ್ಲವಾದರೆ ಕಳುಹಿಸಿದ ದಿನವೇ ಅದನ್ನು ಮಾರಿದಂತೆ ಎಣಿಸಿ ತೆರಿಗೆ ಬೀಳುತ್ತದೆ, ಬಡ್ಡಿಯೂ ಅಂದಿನಿಂದಲೇ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಐ.ಟಿ.ಸಿ.-04 ನಮೂನೆಯನ್ನು ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆ ಸಲ್ಲಿಸಬೇಕು. ಪ್ರತಿ ಮನೆಗೆ ಒಂದು ಪುಟ ತೆರೆದು ಹೋದ ತೂಕ, ಬಂದ ತೂಕ, ಒಪ್ಪಿತ ತ್ಯಾಜ್ಯದ ಪ್ರಮಾಣ, ಎರಡೂ ಕಡೆಯ ಸಹಿ ಇರಿಸಿಕೊಳ್ಳಿ. ಮಾರ್ಚ್ 31ರಂದು ಗೋದಾಮಿನ ದಾಸ್ತಾನು ಎಣಿಸುವಾಗ ಆ ಪುಟಗಳನ್ನೂ ಕೂಡಿಸಿ, ಯಾವ ಮನೆಯಲ್ಲಿ ನಿಮ್ಮ ಎಷ್ಟು ಕಿಲೋ ಸರಕಿದೆ ಎಂಬ ಪಟ್ಟಿಯನ್ನು ಮನೆಯವರ ಸಹಿಯೊಂದಿಗೆ ಲೆಕ್ಕಪರಿಶೋಧಕರಿಗೆ ಒದಗಿಸಿ.